ಐದು ವಾದ್ಯ, ಒಂದು ಮೈಕು: ಬಿಲ್ ಮನ್ರೋ ಮೇಳ ಬ್ಲೂಗ್ರಾಸ್ ಕಟ್ಟಿದ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಿಕೆ ಕೇಳಿಸಿದ ಜಾಗಗಳನ್ನು ಕಂಸದಲ್ಲಿ ಸೂಚಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಬ್ಲೂಗ್ರಾಸ್ ಅಂದರೆ ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಹಳ್ಳಿ ಹಾಡು, ಮುತ್ತಾತನ ಕಾಲದಿಂದ ಹಾಗೆಯೇ ಉಳಿದುಬಂದದ್ದು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅರ್ಧ ಮಾತ್ರ ನಿಜ. ಬೇರುಗಳು ಹಳೆಯವು, ಒಪ್ಪೋಣ. ಆದರೆ ಇವತ್ತು ನಾವು ಬ್ಲೂಗ್ರಾಸ್ ಎಂದು ಕೇಳುವ ನಾದ ರೂಪುಗೊಂಡದ್ದು 1945ರ ಡಿಸೆಂಬರ್‌ನಿಂದ 1948ರ ಆರಂಭದವರೆಗಿನ ಎರಡು ಚಿಲ್ಲರೆ ವರ್ಷಗಳಲ್ಲಿ, ನ್ಯಾಶ್‌ವಿಲ್ ನಗರದ ಒಂದು ರೇಡಿಯೊ ಕಾರ್ಯಕ್ರಮಕ್ಕೆ ನುಡಿಸುತ್ತಿದ್ದ ಒಂದು ಮೇಳದಲ್ಲಿ. ಜಾನಪದಕ್ಕೆ ಸಾಮಾನ್ಯವಾಗಿ ಕರ್ತೃವಿನ ಹೆಸರು ಸಿಗುವುದಿಲ್ಲ. ಇಲ್ಲಿ ಹೆಸರು ಸಿಗುತ್ತದೆ, ತಾರೀಖು ಸಿಗುತ್ತದೆ, ಯಾರು ಏನು ತಂದರು ಎಂಬ ಲೆಕ್ಕವೂ ಸಿಗುತ್ತದೆ.

ಮೇಳದ ಹೆಸರು ಬ್ಲೂ ಗ್ರಾಸ್ ಬಾಯ್ಸ್. ಯಜಮಾನ ಬಿಲ್ ಮನ್ರೋ, ಮ್ಯಾಂಡೊಲಿನ್ ಮತ್ತು ತಾರ ಧ್ವನಿ. ಲೆಸ್ಟರ್ ಫ್ಲ್ಯಾಟ್, ಗಿಟಾರ್ ಮತ್ತು ಮುಖ್ಯ ಹಾಡುಗಾರಿಕೆ. ಅರ್ಲ್ ಸ್ಕ್ರಗ್ಸ್, ಐದು ತಂತಿಯ ಬ್ಯಾಂಜೊ. ಚಬ್ಬಿ ವೈಸ್, ಪಿಟೀಲು. ಹೊವರ್ಡ್ ವಾಟ್ಸ್, ನಿಂತು ನುಡಿಸುವ ದೊಡ್ಡ ಬೇಸ್. ವೇದಿಕೆಯ ಮೇಲೆ ಅವನ ಹೆಸರು ಸೆಡ್ರಿಕ್ ರೈನ್‌ವಾಟರ್, ನಗಿಸುವ ಕೆಲಸವೂ ಅವನದೇ.

ಮೊದಲು ಎರಡು ತುಣುಕು ಕೇಳಿ.

(1945ರ ಫೆಬ್ರುವರಿ ಮತ್ತು 1946ರ ಸೆಪ್ಟೆಂಬರ್‌ನಲ್ಲಿ ಷಿಕಾಗೊದಲ್ಲಿ ಮುದ್ರಿಸಿದ ಎರಡು ಹಾಡುಗಳ ಆರಂಭ ಕೇಳಿಸಲಾಯಿತು.)

ಎರಡೂ ಕೊಲಂಬಿಯಾ ಕಂಪನಿಗೆ ಮಾಡಿದ ಮುದ್ರಣ. ಯಜಮಾನ ಮನ್ರೋನೇ, ಮ್ಯಾಂಡೊಲಿನ್ ಅವನದೇ, ಪಿಟೀಲು ವೈಸ್‌ನದೇ. ಆದರೂ ಮೊದಲನೆಯದು ಅಂದಿನ ಒಳ್ಳೆಯ ಹಳ್ಳಿ ವಾದ್ಯಮೇಳದ ಹಾಗೆ ಕೇಳುತ್ತದೆ, ಎರಡನೆಯದು ಬ್ಲೂಗ್ರಾಸ್ ಹಾಗೆ. ಮೊದಲನೆಯದರಲ್ಲಿ ಸ್ಯಾಲಿ ಆನ್ ಫಾರೆಸ್ಟರ್ ನುಡಿಸಿದ ಅಕಾರ್ಡಿಯನ್ ಇದೆ, ಅದು ಸ್ವರಗಳ ನಡುವಿನ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಬ್ಯಾಂಜೊ ಸ್ಟ್ರಿಂಗ್‌ಬೀನ್ ಎಂದೇ ಹೆಸರಾದ ಡೇವಿಡ್ ಏಕ್‌ಮನ್‌ನದು, ಹಳೆಯ ಬಡಿತದ ಶೈಲಿ. ಹೆಚ್ಚು ಹೊತ್ತು ಹಿಂದೆಯೇ ಉಳಿಯುತ್ತದೆ. ಎರಡನೆಯದರಲ್ಲಿ ಅಕಾರ್ಡಿಯನ್ ಇಲ್ಲ. ತೆರವಾದ ಸಂದಿಗೆ ಸ್ಕ್ರಗ್ಸ್‌ನ ಬ್ಯಾಂಜೊ ಬಂದಿದೆ. ಬೇರೆ ಬೇರೆ ಬೇರಿನಿಂದ ಬಂದ ಐದು ವಾದ್ಯಗಳಿಗೆ ತಾಳದಲ್ಲಿ ತಮ್ಮ ತಮ್ಮ ಜಾಗ ಖಚಿತವಾಗಿದೆ, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ. ಇವತ್ತಿನ ಮಾತೆಲ್ಲ ಆ ಜಾಗ ಹಂಚಿಕೆಯ ಬಗ್ಗೆಯೇ.

ಮನ್ರೋ ಮತ್ತು ಮ್ಯಾಂಡೊಲಿನ್

ಬಿಲ್ ಮನ್ರೋ ಹುಟ್ಟಿದ್ದು 1911ರ ಸೆಪ್ಟೆಂಬರ್ 13ರಂದು, ಕೆಂಟಕಿ ರಾಜ್ಯದ ರೋಸೀನ್ ಎಂಬ ಊರಲ್ಲಿ, ಎಂಟು ಮಕ್ಕಳಲ್ಲಿ ಕೊನೆಯವನಾಗಿ. ಅಣ್ಣ ಬರ್ಚ್ ಪಿಟೀಲು ಹಿಡಿದ, ಇನ್ನೊಬ್ಬ ಅಣ್ಣ ಚಾರ್ಲಿ ಗಿಟಾರ್ ಹಿಡಿದ. ಕಿರಿಯವನಿಗೆ ಉಳಿದದ್ದು ಮ್ಯಾಂಡೊಲಿನ್. ಸದ್ದು ಜಾಸ್ತಿಯಾಗಬಾರದೆಂದು ಎಂಟು ತಂತಿಯಲ್ಲಿ ನಾಲ್ಕನ್ನು ತೆಗೆಸಿ ಕೊಟ್ಟರಂತೆ. ಯಾರಿಗೂ ಬೇಡವಾದ ಆ ವಾದ್ಯವೇ ಮುಂದೆ ಮೇಳದ ಗಡಿಯಾರವಾಯಿತು.

ಮನ್ರೋಗೆ ಇಬ್ಬರು ಗುರುಗಳು. ಒಬ್ಬ ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್, ಸುತ್ತಲಿನ ಊರುಗಳಲ್ಲಿ ಕುಣಿತಕ್ಕೆ ಪಿಟೀಲು ನುಡಿಸುತ್ತಿದ್ದವನು. ತಂದೆತಾಯಿ ತೀರಿಕೊಂಡ ಮೇಲೆ ಹುಡುಗ ಇದ್ದದ್ದು ಈ ಮಾವನ ಜೊತೆ. ಮಾವನ ಪಿಟೀಲಿಗೆ ಗಿಟಾರ್ ಹಿಡಿದು ಕುಣಿತದ ನಡೆ ಕಲಿತ. ಇನ್ನೊಬ್ಬ ಆರ್ನಲ್ಡ್ ಶುಲ್ಟ್ಸ್, ಅದೇ ಸೀಮೆಯ ಕಪ್ಪು ಗಿಟಾರ್ ವಾದಕ, ಪಿಟೀಲನ್ನೂ ನುಡಿಸುತ್ತಿದ್ದ, ಹೊಟ್ಟೆಪಾಡಿಗೆ ಕಲ್ಲಿದ್ದಲ ಗಣಿ ಕೆಲಸ. ಶುಲ್ಟ್ಸ್ 1931ರಲ್ಲಿ ತೀರಿಕೊಂಡ, ಅವನ ವಾದನದ ಒಂದೇ ಒಂದು ಮುದ್ರಿಕೆಯೂ ಇಲ್ಲ. ಆದರೆ ಮನ್ರೋ ಅವನ ಹೆಸರನ್ನು ಕೊನೆಯವರೆಗೂ ಹೇಳುತ್ತಿದ್ದ. ಬ್ಲೂಗ್ರಾಸ್ ಬಿಳಿಯರ ಸಂಗೀತ ಎಂದು ಬರೆಯುವವರು ಈ ಸಾಲನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸಿದರೆ ಮುಂದೆ ಹೇಳುವ ಗಾಂಧಾರದ ಕಥೆ ಅರ್ಥವಾಗುವುದಿಲ್ಲ.

ಬಿಲ್ ಮತ್ತು ಚಾರ್ಲಿ 1936ರಿಂದ 1938ರವರೆಗೆ ಮನ್ರೋ ಬ್ರದರ್ಸ್ ಎಂಬ ಹೆಸರಲ್ಲಿ ಬ್ಲೂಬರ್ಡ್ ಕಂಪನಿಗೆ 60 ಹಾಡು ಮುದ್ರಿಸಿದರು. ಇಬ್ಬರು ಹಾಡುಗಾರರು, ಒಂದು ಮ್ಯಾಂಡೊಲಿನ್, ಒಂದು ಗಿಟಾರ್. ಅಂಥ ಅಣ್ಣತಮ್ಮಂದಿರ ಜೋಡಿಗಳು ಆಗ ಬಹಳ ಇದ್ದವು. ಇವರಷ್ಟು ವೇಗ ಬೇರೆಯವರಲ್ಲಿ ಅಪರೂಪ. 1938ರಲ್ಲಿ ಜಗಳವಾಗಿ ಬೇರಾದರು. 1939ರ ಅಕ್ಟೋಬರ್‌ನಲ್ಲಿ ಬಿಲ್ ಸ್ವಂತ ಮೇಳದೊಂದಿಗೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮಕ್ಕೆ ಸೇರಿದ. ಕೆಂಟಕಿಗೆ ಬ್ಲೂಗ್ರಾಸ್ ರಾಜ್ಯ ಎಂಬ ಅಡ್ಡಹೆಸರಿದೆ, ಮೇಳಕ್ಕೆ ತವರಿನ ಹೆಸರನ್ನೇ ಇಟ್ಟ.

ಈಗ ವಾದ್ಯಕ್ಕೆ ಬರೋಣ. ಮ್ಯಾಂಡೊಲಿನ್ ಇಟಲಿಯಿಂದ ವಲಸೆ ಬಂದ ವಾದ್ಯ, ಬೆನ್ನು ಉಬ್ಬಿದ ಬುರುಡೆಯ ಆಕಾರದ್ದು. ಮಿಷಿಗನ್‌ನ ಕಲಮಜೂ ಊರಿನ ಆರ್ವಿಲ್ ಗಿಬ್ಸನ್ ಅದನ್ನು ಪಿಟೀಲಿನ ಹಾಗೆ ಮರ ಕೆತ್ತಿ ಮಾಡತೊಡಗಿದ. ಅವನ ಹೆಸರಿನ ಕಂಪನಿ 1920ರ ದಶಕದಲ್ಲಿ ಲಾಯ್ಡ್ ಲೋರ್ ಎಂಬ ತಜ್ಞನ ಉಸ್ತುವಾರಿಯಲ್ಲಿ ಎಫ್-5 ಎಂಬ ಮಾದರಿ ತಂದಿತು. ನಡುವಿನ ಅಂಡಾಕಾರದ ತೂತಿನ ಬದಲು ಪಿಟೀಲಿಗಿರುವಂಥ ಎರಡು ಸೀಳು, ಉದ್ದ ಕತ್ತು, ಅದರಿಂದಾಗಿ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ (ಬ್ರಿಡ್ಜ್) ಹಲಗೆಯ ನಡುಭಾಗದ ಹತ್ತಿರಕ್ಕೆ ಬಂತು. ನಾದ ಥಟ್ಟನೆ ಎದ್ದು ಥಟ್ಟನೆ ನಿಲ್ಲುತ್ತದೆ. ಮನ್ರೋನ ವಾದ್ಯದ ಒಳಚೀಟಿಯಲ್ಲಿ ಲೋರ್‌ನ ಸಹಿ, 1923ರ ಜುಲೈ 9ರ ತಾರೀಖು. ಅದನ್ನು ಅವನು 1940ರ ದಶಕದಲ್ಲಿ ಫ್ಲಾರಿಡಾದ ಒಂದು ಕ್ಷೌರದಂಗಡಿಯಲ್ಲಿ ಕಂಡು 150 ಡಾಲರಿಗೆ ಕೊಂಡ.

ಎಂಟು ತಂತಿ, ನಾಲ್ಕು ಜೋಡಿ, ಪಾಶ್ಚಾತ್ಯ ಪಿಟೀಲಿನದೇ ಶ್ರುತಿ: ಜಿ, ಡಿ, ಎ, ಇ. ರಾಗ ನುಡಿಸುವಾಗ ಅದು ಪಿಟೀಲಿನ ತಂಗಿ. ಉಳಿದ ಹೊತ್ತು ಅದು ತಾಳವಾದ್ಯ, ಈ ಎರಡನೆಯ ಕೆಲಸಕ್ಕೆ ಚಾಪ್ ಎನ್ನುತ್ತಾರೆ. ಜಿ ಸ್ವರಮೇಳದ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು, ಕಾರ್ಡ್) ಚಾಪ್ ಹಿಡಿಯುವುದು ಹೀಗೆ: ದಪ್ಪ ಜಿ ಜೋಡಿಯ 7ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಕಿರುಬೆರಳು, ಡಿ ಜೋಡಿಯ 5ರ ಮೇಲೆ ಉಂಗುರದ ಬೆರಳು, ಎ ಜೋಡಿಯ 2ರ ಮೇಲೆ ತೋರುಬೆರಳು, ಇ ಜೋಡಿಯ 3ರ ಮೇಲೆ ನಡುಬೆರಳು. ಜಿ ಷಡ್ಜವಾದರೆ ಕೆಳಗಿನಿಂದ ಮೇಲಕ್ಕೆ ಪ, ಸ, ಗ, ಸ. ಇದರಲ್ಲಿ ಬಿಟ್ಟ ತಂತಿ ಒಂದೂ ಇಲ್ಲ, ಗುಟ್ಟು ಅಲ್ಲೇ ಇದೆ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹೊಡೆದ ಕ್ಷಣ ಬೆರಳು ಒತ್ತಿರಬೇಕು, ಮರುಕ್ಷಣ ಒತ್ತಡ ಸಡಿಲಬೇಕು, ಆದರೆ ಬೆರಳು ತಂತಿಯ ಮೇಲೆಯೇ ಇರಬೇಕು. ಆಗ ಕಟ್ ಎಂದು ಸದ್ದು ಬಂದು ನಿಲ್ಲುತ್ತದೆ.

ತಪ್ಪುವುದು ಎಲ್ಲಿ? ಬೆರಳು ಪೂರ್ತಿ ಎತ್ತಿದರೆ ಬಿಟ್ಟ ತಂತಿಗಳು ಮೊಳಗಿ ಬೇರೆಯೇ ಸ್ವರಮೇಳ ಕೇಳುತ್ತದೆ. ಒತ್ತಿಯೇ ಹಿಡಿದರೆ ನಾದ ಉದ್ದವಾಗಿ ಹಾಡುಗಾರನ ಮಾತನ್ನು ಮುಚ್ಚುತ್ತದೆ. ಮಣಿಕಟ್ಟು ನಿಧಾನವಾದರೆ ನಾಲ್ಕು ಜೋಡಿಯೂ ಒಂದಾದ ಮೇಲೊಂದು ಬಿದ್ದು ಸದ್ದು ಹರಡಿಕೊಳ್ಳುತ್ತದೆ. ಹೊಸಬರ ಮ್ಯಾಂಡೊಲಿನ್ ತಗಡಿನ ಹಾಗೆ ಕೇಳುವುದಕ್ಕೆ ಕಾರಣ ಅವರು ತೆಳು ಇ ತಂತಿಗೂ ಅಷ್ಟೇ ಬಲ ಕೊಡುವುದು. ಬಲವೆಲ್ಲ ದಪ್ಪ ಜೋಡಿಗಳ ಮೇಲಿರಬೇಕು. ಪಿಕ್ ತೆಳುವಾಗಿದ್ದರೆ ಅದೇ ಬಾಗಿ ಪೆಟ್ಟು ತಡವಾಗುತ್ತದೆ, ಹಾಗಾಗಿ 1.2ರಿಂದ 1.5 ಮಿಲಿಮೀಟರ್ ದಪ್ಪದ್ದು ಹಿಡಿಯುವುದು ರೂಢಿ.

ಸ್ಕ್ರಗ್ಸ್‌ನ ಮೂರು ಬೆರಳು

ಬ್ಯಾಂಜೊ ಆಫ್ರಿಕಾದ್ದು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ನೋಡಿ: ಸೋರೆಬುರುಡೆ, ಅದರ ಮೇಲೆ ಬಿಗಿದ ಚರ್ಮ, ಮೂರು ತಂತಿ, ಅದರಲ್ಲಿ ಒಂದು ಗಿಡ್ಡ, ಹೆಬ್ಬೆರಳಿಗೆಂದು. ಗುಲಾಮರಾಗಿ ಸಾಗಿಸಲ್ಪಟ್ಟವರು ಕೆರಿಬಿಯನ್ ದ್ವೀಪಗಳಲ್ಲಿ, ಆಮೇಲೆ ಅಮೆರಿಕದ ದಕ್ಷಿಣದಲ್ಲಿ ಇಂಥ ವಾದ್ಯಗಳನ್ನು ಮತ್ತೆ ಕಟ್ಟಿಕೊಂಡರು. ವರ್ಜಿನಿಯಾದ ಜೋಯಲ್ ಸ್ವೀನಿ ಕಪ್ಪು ವಾದಕರಿಂದ ಕಲಿತು 1830ರ ದಶಕದಿಂದ ವೇದಿಕೆಗೆ ತಂದ. ಗಿಡ್ಡ ಐದನೇ ತಂತಿ ಅವನ ಕಾಣಿಕೆ ಎಂದು ಬಹಳ ಕಾಲ ಬರೆದರು. ಅಕೊಂಟಿಂಗ್‌ನ ಗಿಡ್ಡ ತಂತಿ ನೋಡಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಬಿಳಿಯರ ಆಟಗಳಲ್ಲಿ ಬ್ಯಾಂಜೊ ನಗೆಪಾಟಲಿನ ಸಾಮಾನಾಯಿತು. ಆ ಕಳಂಕ ಎಷ್ಟು ಅಂಟಿತ್ತೆಂದರೆ 1940ರ ದಶಕದ ಆಪ್ರಿಯಲ್ಲೂ ಬ್ಯಾಂಜೊ ಹಿಡಿದು ಬಂದವನು ಬಹುಮಟ್ಟಿಗೆ ಹಾಸ್ಯಗಾರ.

ಅರ್ಲ್ ಸ್ಕ್ರಗ್ಸ್ 1924ರ ಜನವರಿ 6ರಂದು ಉತ್ತರ ಕೆರೊಲಿನಾದ ಕ್ಲೀವ್‌ಲ್ಯಾಂಡ್ ಕೌಂಟಿಯ ಫ್ಲಿಂಟ್ ಹಿಲ್‌ನಲ್ಲಿ ಹುಟ್ಟಿದ. ಯುದ್ಧಕಾಲದಲ್ಲಿ ನೂಲಿನ ಗಿರಣಿಯಲ್ಲಿ ದುಡಿದ. ಮೂರು ಬೆರಳಿನ ವಾದನ ಅವನೇ ಹುಟ್ಟುಹಾಕಿದ್ದಲ್ಲ. ಆ ಸೀಮೆಯಲ್ಲಿ ಸ್ಮಿತ್ ಹ್ಯಾಮೆಟ್ ನುಡಿಸುತ್ತಿದ್ದ, ಸ್ನಫಿ ಜೆಂಕಿನ್ಸ್ ರೇಡಿಯೊದಲ್ಲೇ ನುಡಿಸುತ್ತಿದ್ದ. ಸ್ಕ್ರಗ್ಸ್ ಮಾಡಿದ್ದು ಬೇರೆ: ಬೆರಳುಗಳ ಹರಿವು ಎಲ್ಲೂ ಕಡಿಯದ ಹಾಗೆ, ಹಾಡಿನ ಸ್ವರಗಳು ಆ ಹರಿವಿನ ಒಳಗೇ ಎದ್ದು ಕೇಳುವ ಹಾಗೆ ಕೂಡಿಸಿದ.

ಶ್ರುತಿ ಹೀಗೆ: 4ನೇ ತಂತಿ ಮಂದ್ರ ಡಿ, 3ನೆಯದು ಜಿ, 2ನೆಯದು ಬಿ, 1ನೆಯದು ಡಿ, ಮತ್ತು 5ನೇ ಫ್ರೆಟ್ ಹತ್ತಿರ ಬಿರಡೆ ಇರುವ ಗಿಡ್ಡ 5ನೇ ತಂತಿ ತಾರ ಜಿ. ಬೆರಳೇ ಇಡದೆ ಮೀಟಿದರೂ ಸ, ಗ, ಪ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರು ಮತ್ತು ನಡು ಬೆರಳಿಗೆ ಲೋಹದ ನಖ. ಒಂದು ಆವರ್ತಕ್ಕೆ 8 ಸ್ವರ. ಮುಂದೋಟದ ಸುತ್ತು ಎನ್ನಬಹುದಾದ ಮೂಲಪಾಠ ಇದು:

ಹೆಬ್ಬೆರಳು, ತೋರು, ನಡು, ಹೆಬ್ಬೆರಳು, ತೋರು, ನಡು, ಹೆಬ್ಬೆರಳು, ನಡು.
ತಂತಿ: 3, 2, 1, 5, 2, 1, 5, 1.

ಬಾಯಲ್ಲಿ ಹೇಳಿದರೆ ತಕಿಟ ತಕಿಟ ತಕ. ಹೆಬ್ಬೆರಳ ಪೆಟ್ಟು 1, 4, 7ನೇ ಸ್ವರಗಳ ಮೇಲೆ. ಬೇಸ್ ಬೀಳುವುದು 1 ಮತ್ತು 5ರ ಮೇಲೆ. ಮ್ಯಾಂಡೊಲಿನ್ ಚಾಪ್ 3 ಮತ್ತು 7ರ ಮೇಲೆ. ಅಂದರೆ ಹೆಬ್ಬೆರಳು ಮೊದಲು ಬೇಸ್ ಜೊತೆ ಕೂಡುತ್ತದೆ, 4ರಲ್ಲಿ ಯಾರೂ ಇಲ್ಲದ ಜಾಗಕ್ಕೆ ಬೀಳುತ್ತದೆ, 7ರಲ್ಲಿ ಮ್ಯಾಂಡೊಲಿನ್ ಜೊತೆ ಕೂಡುತ್ತದೆ. ಕೈಯಲ್ಲಿ ತಾಳ ಹಾಕಿ ನೋಡಿ.

(ಸಭಿಕರಲ್ಲಿ ಒಂದು ಭಾಗ 1, 5ಕ್ಕೆ ಕಾಲು ತಟ್ಟಿದರು, ಇನ್ನೊಂದು ಭಾಗ 3, 7ಕ್ಕೆ ಚಪ್ಪಾಳೆ ಹಾಕಿದರು, ಉಳಿದವರು ತಕಿಟ ತಕಿಟ ತಕ ಹೇಳಿದರು.)

ಕೊನ್ನಕ್ಕೋಲು ಕೇಳಿದ ಕಿವಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ವೇಗ ಗಮನಿಸಿ. ವೇಗದ ತುಂಡುಗಳಲ್ಲಿ ಸೆಕೆಂಡಿಗೆ 10 ಸ್ವರದ ಹತ್ತಿರ ಬರುತ್ತದೆ, ಇಡೀ ಆವರ್ತ 0.8 ಸೆಕೆಂಡಿನಲ್ಲಿ ಮುಗಿಯುತ್ತದೆ. ಆ ವೇಗದಲ್ಲಿ ಹೊಸಬರು ಕೆಡಿಸುವುದು ಬಹುತೇಕ ಒಂದೇ ಜಾಗ: ಎರಡನೇ ತಕಿಟದಿಂದ ತಕಕ್ಕೆ ದಾಟುವಾಗ. ಮೂರರ ಲಯಕ್ಕೆ ಒಗ್ಗಿದ ಕೈ ಮೂರನೇ ತಕಿಟಕ್ಕೇ ನುಗ್ಗಿ ಆವರ್ತ ಒಂದು ಸ್ವರ ಉದ್ದವಾಗುತ್ತದೆ. ಹೆಬ್ಬೆರಳ ಮೂರು ಪೆಟ್ಟುಗಳನ್ನು ಮಾತ್ರ ಬೇಸ್ ಜೊತೆ ಕೂಡಿಸಿಕೊಂಡು, ಆಮೇಲೆ ಉಳಿದ ಬೆರಳು ಸೇರಿಸುವುದು ಸರಿಯಾದ ದಾರಿ.

ಐದನೇ ತಂತಿಗೆ ಶ್ರುತಿ ಹಿಡಿಯುವ ಕೆಲಸವೂ ಇದೆ. ತಂಬೂರಿಯ ಷಡ್ಜ ಕಚೇರಿಯ ಉದ್ದಕ್ಕೂ ಹಿಂದೆ ನಿಲ್ಲುವಂತೆ ಈ ತಾರ ಜಿ ಎಲ್ಲ ಸುತ್ತುಗಳಲ್ಲೂ ಮರಳಿ ಬರುತ್ತದೆ, ಆದರೆ ನಿಂತ ನಾದವಾಗಿ ಅಲ್ಲ, ತಾಳದ ಮುಳ್ಳಾಗಿ. ತೊಂದರೆ ಬರುವುದು ಶ್ರುತಿ ಬದಲಿಸಿದಾಗ. ಮನ್ರೋ ತನ್ನ ಧ್ವನಿಗಾಗಿ ಬಿ ಶ್ರುತಿಯಲ್ಲಿ ಹಾಡುವುದನ್ನು ಇಷ್ಟಪಡುತ್ತಿದ್ದ. ಬ್ಯಾಂಜೊದವರು 4ನೇ ಫ್ರೆಟ್‌ಗೆ ಕ್ಯಾಪೊ (ಉದ್ದ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸುವ ಪಟ್ಟಿ) ಹಾಕುತ್ತಾರೆ. ಗಿಡ್ಡ ತಂತಿಗೆ ಕ್ಯಾಪೊ ತಾಕುವುದಿಲ್ಲ. ಬಿರಡೆ ತಿರುಗಿಸಿ ಅಷ್ಟು ಏರಿಸಹೋದರೆ ಕೂದಲಿನಂಥ ಆ ತಂತಿ ಕಡಿಯುತ್ತದೆ. ಅದಕ್ಕೇ ಬೆರಳುಹಲಗೆಯಲ್ಲಿ 7 ಮತ್ತು 9ನೇ ಫ್ರೆಟ್ ಹಿಂದೆ ಆಟಿಕೆ ರೈಲಿನ ಹಳಿಗೆ ಬಡಿಯುವ ಪುಟ್ಟ ಮೊಳೆಗಳನ್ನು ಕೂರಿಸಿ, ತಂತಿಯನ್ನು ಅದರಡಿ ಸಿಕ್ಕಿಸುತ್ತಾರೆ. ಎ ಶ್ರುತಿಗೆ 7, ಬಿ ಶ್ರುತಿಗೆ 9. ಮೊಳೆ ತೀರಾ ಕೆಳಗಿಳಿದಿದ್ದರೆ ತಂತಿ ಬಿಗಿದು ಶ್ರುತಿ ಏರುತ್ತದೆ, ಸಡಿಲವಿದ್ದರೆ ಝೇಂಕರಿಸುತ್ತದೆ.

ಅಂದಿನ ಬ್ಯಾಂಜೊಗಳಿಗೆ ಚರ್ಮದ ಮುಖ. ಪ್ಲಾಸ್ಟಿಕ್ ಮುಖ ಬಂದದ್ದು 1950ರ ದಶಕದ ಕೊನೆಗೆ. ಅಮೆರಿಕದ ದಕ್ಷಿಣ ರಾಜ್ಯಗಳ ಬೇಸಿಗೆಯ ತೇವದಲ್ಲಿ, ಡೇರೆಯ ಆಟಗಳಲ್ಲಿ, ಚರ್ಮ ಸಡಿಲಾಗಿ ಕುದುರೆ ಕೆಳಗಿಳಿಯುತ್ತಿತ್ತು, ತಂತಿ ಫ್ರೆಟ್‌ಗೆ ತಾಗುತ್ತಿತ್ತು, ನಾದ ಮಂಕಾಗುತ್ತಿತ್ತು. ಹಾಗೆಂದು ಸುತ್ತಲಿನ ಕೊಕ್ಕೆಗಳನ್ನು ಬಿಗಿದಿಟ್ಟರೆ ಒಣ ಹವೆಯ ಮರುದಿನ ಚರ್ಮವೇ ಹರಿಯುತ್ತಿತ್ತು. ಇಂದಿಗೂ ಬ್ಯಾಂಜೊದ ಕುದುರೆ ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲಿ ನಿಂತದ್ದು. ಅದರ ಜಾಗ ನೋಡಲು 12ನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಬರುವ ನಾದವನ್ನೂ ಅಲ್ಲೇ ಒತ್ತಿ ಬರುವ ಸ್ವರವನ್ನೂ ಹೋಲಿಸಿ. ಒತ್ತಿದ್ದು ಏರಿ ಕೇಳಿದರೆ ಕುದುರೆಯನ್ನು ಕತ್ತಿನಿಂದ ದೂರಕ್ಕೆ, ಇಳಿದು ಕೇಳಿದರೆ ಹತ್ತಿರಕ್ಕೆ ಸರಿಸಬೇಕು.

ಫ್ಲ್ಯಾಟ್, ವೈಸ್, ವಾಟ್ಸ್, ಮತ್ತು ಗಾಂಧಾರ

ಲೆಸ್ಟರ್ ಫ್ಲ್ಯಾಟ್ 1914ರಲ್ಲಿ ಟೆನೆಸ್ಸಿಯ ಓವರ್ಟನ್ ಕೌಂಟಿಯಲ್ಲಿ ಹುಟ್ಟಿದವನು, ಇವನೂ ಬಟ್ಟೆ ಗಿರಣಿಯ ಕೆಲಸಗಾರ. ಮುಂಚೆ ಚಾರ್ಲಿ ಮನ್ರೋ ಮೇಳದಲ್ಲಿದ್ದು 1945ರಲ್ಲಿ ಬಿಲ್ ಹತ್ತಿರ ಬಂದ. ಹೆಬ್ಬೆರಳ ಪಿಕ್‌ನಿಂದ ದಪ್ಪ ತಂತಿ, ತೋರುಬೆರಳ ನಖದಿಂದ ತೆಳು ತಂತಿಗಳ ಸವರಿಕೆ. ಗಿಟಾರ್‌ಗೆ ಇಲ್ಲಿ ತನಿ ಇಲ್ಲ. ಬೇಸ್ ಮತ್ತು ಚಾಪ್ ಎರಡನ್ನೂ ಹೊಲಿಯುವ ದಾರ ಅದು, ಮತ್ತು ಹಾಡಿನ ಸಾಲು ಮುಗಿದಾಗ ಮುದ್ರೆ ಒತ್ತುವುದೂ ಅದೇ. ಆ ಮುದ್ರೆಗೆ ಜಿ-ರನ್ ಎಂದು ಹೆಸರು.

ಸ್ವರಗಳನ್ನು ಒಂದೊಂದಾಗಿ ನೋಡೋಣ. ಅತಿ ದಪ್ಪ 6ನೇ ತಂತಿಯ 3ನೇ ಫ್ರೆಟ್, ಅಂದರೆ ಜಿ. ಬಿಟ್ಟ 5ನೇ ತಂತಿ, ಎ. ಅದರ 1ನೇ ಫ್ರೆಟ್, ಕೂಡಲೇ 2ನೇ ಫ್ರೆಟ್. ಬಿಟ್ಟ 4ನೇ ತಂತಿ, ಡಿ. ಅದರ 2ನೇ ಫ್ರೆಟ್, ಇ. ಬಿಟ್ಟ 3ನೇ ತಂತಿ, ಮೇಲಿನ ಜಿ. ನಮ್ಮ ಲೆಕ್ಕದಲ್ಲಿ ಸ ರಿ ಗ ಪ ದ ಸ, ಮೋಹನದ ಆರೋಹಣ. ಆದರೆ ಗಾಂಧಾರ ಎರಡಿವೆ. ಮೊದಲು ಸಾಧಾರಣ ಗಾಂಧಾರ ತಾಗಿ, ಅಲ್ಲಿ ನಿಲ್ಲದೆ ಅಂತರ ಗಾಂಧಾರಕ್ಕೆ ಏರುತ್ತದೆ.

ಈಗ ಬ್ಯಾಂಜೊ ನೋಡಿ. ಸ್ಕ್ರಗ್ಸ್ ಶೈಲಿಯಲ್ಲಿ ಅತಿ ಹೆಚ್ಚು ಬರುವ ಕೈಚಳಕಗಳಲ್ಲಿ ಒಂದು, 3ನೇ ತಂತಿಯ 2ನೇ ಫ್ರೆಟ್‌ನಿಂದ 3ಕ್ಕೆ ಜಾರಿ, ತಕ್ಷಣ ಬಿಟ್ಟ 2ನೇ ತಂತಿ ಮೀಟುವುದು. ರಿಷಭದಿಂದ ಸಾಧಾರಣ ಗಾಂಧಾರಕ್ಕೆ ಜಾರು, ಆಮೇಲೆ ಅಂತರ ಗಾಂಧಾರ. ಅದೇ ಮಾತು, ಬೇರೆ ಬಾಯಲ್ಲಿ. ಪಿಟೀಲು ಅದೇ ಜಾಗದಲ್ಲಿ ಬೆರಳು ಎಳೆಯುತ್ತದೆ. ಮನ್ರೋ ಹಾಡುವಾಗ ಕೊರಳೂ ಅಲ್ಲೇ ಬಾಗುತ್ತದೆ. ಸ್ಕಾಟ್ಲೆಂಡ್, ಅಲ್ಸ್ಟರ್ ಕಡೆಯಿಂದ ಬಂದ ಕುಣಿತದ ಮಟ್ಟುಗಳಲ್ಲಿ ಐದು ಸ್ವರದ ಮೋಹನದಂಥವು ಇವೆ, ಕೈಶಿಕಿ ನಿಷಾದ ಬರುವ ಹರಿಕಾಂಭೋಜಿಯಂಥವೂ ಇವೆ. ಎರಡು ಗಾಂಧಾರಗಳ ನಡುವಿನ ಈ ಜಾರು ಮಾತ್ರ ಬ್ಲೂಸ್‌ನದು, ಕಪ್ಪು ಜನರ ಹಾಡಿನದು. ಐದು ವಾದ್ಯಗಳ ಬೇರುಗಳು ಎಷ್ಟೇ ಬೇರೆಯಾದರೂ ಎಲ್ಲವೂ ಒಂದೇ ಭಾಷೆ ಮಾತಾಡುವುದು ಈ ಒಂದು ಜಾರಿನಿಂದ. ಶುಲ್ಟ್ಸ್ ಹೆಸರು ಬಿಟ್ಟರೆ ಕಥೆ ಅರ್ಥವಾಗದು ಎಂದದ್ದು ಇದಕ್ಕೇ.

ಜಿ-ರನ್ ಕೆಡುವುದು ಮುಕ್ತಾಯದಲ್ಲಿ. ಕೊನೆಯ ಜಿ ಮುಂದಿನ ಆವರ್ತದ ಎತ್ತುಗಡೆಯ ಮೇಲೆ ಕೂರಬೇಕು. ಹಾಡುಗಾರ ಸಾಲಿನ ಕೊನೆಯ ಮಾತು ಮುಗಿಸುವ ಮುಂಚೆಯೇ ಶುರು ಮಾಡಿದರೆ ಅವಸರ, ಮುಗಿದ ಮೇಲೆ ಕಾದು ಶುರು ಮಾಡಿದರೆ ಎತ್ತುಗಡೆ ತಪ್ಪುತ್ತದೆ. ಪ್ರತಿ ಸಾಲಿಗೂ ಹಾಕುವವರಿದ್ದಾರೆ, ಎರಡು ಚರಣ ಕೇಳುವಷ್ಟರಲ್ಲಿ ಸಾಕಪ್ಪಾ ಅನ್ನಿಸುತ್ತದೆ.

ಚಬ್ಬಿ ವೈಸ್ ಬೆಟ್ಟಸೀಮೆಯವನಲ್ಲ, ಫ್ಲಾರಿಡಾದ ಲೇಕ್ ಸಿಟಿಯವನು. 1915ರಲ್ಲಿ ಹುಟ್ಟಿದ, ಜ್ಯಾಕ್ಸನ್‌ವಿಲ್‌ನಲ್ಲಿ ಟ್ಯಾಕ್ಸಿ ಓಡಿಸಿದ್ದ. ಬೆಟ್ಟದ ಪಿಟೀಲು ಅಂದರೆ ಎ, ಡಿ ಶ್ರುತಿಗಳು, ಪಕ್ಕದ ಬಿಟ್ಟ ತಂತಿಯನ್ನೂ ಜೊತೆಗೆ ಮೊಳಗಿಸುವುದು, ಕುಣಿಯುವವರ ಕಾಲಿಗೆ ಗಿಡ್ಡ ಕಮಾನಿನ ಎಳೆತ. ವೈಸ್‌ನದು ಉದ್ದ ಕಮಾನು, ನುಣುಪಾದ ಜಾರು, ಟೆಕ್ಸಸ್ ಕಡೆಯ ಸ್ವಿಂಗ್ ಸಂಗೀತದ ರುಚಿ. ಬಿ, ಬಿ-ಫ್ಲ್ಯಾಟ್‌ನಂಥ ಶ್ರುತಿಗಳಲ್ಲಿ ಬಿಟ್ಟ ತಂತಿಯ ಆಸರೆ ಸಿಗುವುದಿಲ್ಲ, ಬೆರಳಿಟ್ಟೇ ಜೋಡಿಸ್ವರ ಹಿಡಿಯಬೇಕು. ಮನ್ರೋ ಶ್ರುತಿ ಏರಿಸಿದ್ದರ ನಿಜವಾದ ಬೆಲೆ ಕಟ್ಟಿದ್ದು ಪಿಟೀಲಿನವನು.

ಬೇಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1ಕ್ಕೆ ಷಡ್ಜ, 5ಕ್ಕೆ ಪಂಚಮ, ಅಷ್ಟೇ ಕೆಲಸ. ನಡುನಡುವೆ ವಾಟ್ಸ್ ಪ್ರತಿ ಎಣಿಕೆಗೂ ಹೆಜ್ಜೆ ಹಾಕಿ ಜಾಜ್ ಹಾಗೆ ನಡೆಸುತ್ತಾನೆ. ಅವನು ಮುಂದೋಡಿದರೆ ಇಡೀ ಮೇಳ ಮುಂದೋಡುತ್ತದೆ, ಯಾರಿಗೂ ಕಾರಣ ಗೊತ್ತಾಗುವುದಿಲ್ಲ.

ಧ್ವನಿಗಳು

ಮೂವರು ಹಾಡುವಾಗ ಫ್ಲ್ಯಾಟ್ ಮುಖ್ಯ ಮಟ್ಟು ಹಾಡುತ್ತಾನೆ. ಮನ್ರೋ ಅದರ ಮೇಲಿನ ಸ್ವರಮೇಳದ ಸ್ವರ, ಸ್ಕ್ರಗ್ಸ್ ಕೆಳಗಿನದು. ಫ್ಲ್ಯಾಟ್ ಸ ಹಿಡಿದರೆ ಮನ್ರೋ ಮೇಲಿನ ಗ, ಸ್ಕ್ರಗ್ಸ್ ಕೆಳಗಿನ ಪ. ಕೆಳಗಿನ ಭಾಗ ಕಲಿಯಲು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಸ್ವಂತ ರಾಗವಿಲ್ಲ. ಉಳಿದವರು ಬಿಟ್ಟ ಸ್ವರ ಹೆಕ್ಕಿಕೊಂಡು ಹೋಗಬೇಕು. ಒಂಟಿಯಾಗಿ ಕೇಳಿದರೆ ಅರ್ಥವಿಲ್ಲದ ಸಾಲು.

ಭಕ್ತಿಗೀತೆಗಳಿಗೆ ವಾಟ್ಸ್‌ನ ಮಂದ್ರ ಧ್ವನಿ ಸೇರಿ ನಾಲ್ಕು ಜನ. ಬ್ಯಾಂಜೊ, ಪಿಟೀಲು ಬದಿಗೆ. ಈ ಬೇರು ಚರ್ಚಿನ ಹಾಡುಶಾಲೆಗಳದು. ಊರೂರು ತಿರುಗುವ ಮೇಷ್ಟ್ರು ಕೆಲವು ದಿನ ಇದ್ದು ಊರವರಿಗೆ ಹಾಡು ಓದಲು ಕಲಿಸುತ್ತಿದ್ದರು. ಪುಸ್ತಕದಲ್ಲಿ ಪ್ರತಿ ಸ್ವರಕ್ಕೂ ಒಂದು ಆಕಾರ: ಫಾ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರಾಕಾರ. ಗೆರೆ ಎಣಿಸಲು ಬಾರದವರೂ ಆಕಾರ ನೋಡಿ ತಮ್ಮ ಭಾಗ ಹಾಡಬಹುದು. ಟೆನೆಸ್ಸಿಯ ಪ್ರಕಾಶಕ ಜೇಮ್ಸ್ ವಾನ್ 1910ರಲ್ಲಿ ಪುಸ್ತಕ ಮಾರಲೆಂದೇ ನಾಲ್ಕು ಗಂಡಸರ ತಂಡವನ್ನು ಊರುಗಳಿಗೆ ಕಳಿಸಿದ. ಭಕ್ತಿಯ ನಾಲ್ಕು ಧ್ವನಿಯ ತಂಡ ಕಸುಬಾಗಿದ್ದು ಆ ಮಾರಾಟದಿಂದ.

ಮೈಕಿನ ಮುಂದೆ

ಆಪ್ರಿ 1943ರಿಂದ ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಿಂದ ಪ್ರಸಾರವಾಗುತ್ತಿತ್ತು. ಡಬ್ಲ್ಯುಎಸ್‌ಎಂ ಕೇಂದ್ರದ 50,000 ವಾಟ್ ಪ್ರಸಾರ ರಾತ್ರಿ ಹೊತ್ತು ಅನೇಕ ರಾಜ್ಯಗಳಿಗೆ ಕೇಳುತ್ತಿತ್ತು. ಶನಿವಾರ ರಾತ್ರಿ ಅಲ್ಲಿ, ಉಳಿದ ದಿನ ಉದ್ದ ಮಾಡಿಸಿದ ಷೆವ್ರೊಲೆ ಕಾರಿನ ತಲೆಗೆ ಬೇಸ್ ಕಟ್ಟಿಕೊಂಡು ಊರೂರು.

ಒಂದೇ ಮೈಕಿನ ಸುತ್ತ ನುಡಿಸುವವರಿಗೆ ಸದ್ದಿನ ಏರಿಳಿತ ಅಂದರೆ ಕಾಲಿನ ಕೆಲಸ. ತನಿ ಬಂದವನು ಮುಂದೆ ಬರುತ್ತಾನೆ, ಹಾಡು ಶುರುವಾದರೆ ಹಿಂದೆ ಸರಿಯುತ್ತಾನೆ. ಮೈಕು ಎದೆಗೂ ಬಾಯಿಗೂ ನಡುವಿನ ಎತ್ತರದಲ್ಲಿರಬೇಕು. ಗಿಟಾರ್‌ನವನು ವಾದ್ಯವನ್ನೇ ಎತ್ತಿ ಹಿಡಿದು ಜಿ-ರನ್ ಹಾಕುವುದು ನೋಟಕ್ಕಾಗಿ ಅಲ್ಲ, ಕೇಳಲಿ ಎಂದು. ಬ್ಯಾಂಜೊ ಎಲ್ಲರಿಗಿಂತ ಗಟ್ಟಿ, ಅದು ತನಿಯಲ್ಲೂ ಒಂದು ಹೆಜ್ಜೆ ಹಿಂದೆ ನಿಂತರೆ ಸರಿ. ಪಿಟೀಲಿನವನು ಕಮಾನಿನ ಕೈ ಹೊರಮುಖವಾಗುವ ಬದಿಯಿಂದ ಬರಬೇಕು, ಇಲ್ಲವಾದರೆ ಕಮಾನಿನ ತುದಿ ಪಕ್ಕದವನ ಕಣ್ಣಿಗೆ. ಎಲ್ಲರೂ ಒಂದೇ ಬದಿಯಿಂದ ಒಳಗೆ ಬಂದು ಇನ್ನೊಂದು ಬದಿಯಿಂದ ಹೊರಗೆ ಹೋದರೆ ಡಿಕ್ಕಿ ಇಲ್ಲ. ಇಂದಿನ ಮೇಳಗಳು ಈ ಪದ್ಧತಿಗೆ ಮರಳಿದಾಗ ಮೊದಲು ಎಡವುವುದು ಎದುರಿಗೆ ಮಾನಿಟರ್ ಸ್ಪೀಕರ್ ಇಡುವುದರಲ್ಲಿ. ಸೂಕ್ಷ್ಮ ಮೈಕು ಅದರ ಸದ್ದನ್ನೇ ಹೀರಿ ಕೀರಲಿಡುತ್ತದೆ. ಮಾನಿಟರ್ ಇಲ್ಲದೆ, ಒತ್ತೊತ್ತಾಗಿ ನಿಂತು, ಒಬ್ಬರನ್ನೊಬ್ಬರು ಬರಿಕಿವಿಯಲ್ಲೇ ಕೇಳಬೇಕು.

ಹಾಡುಗಾರನ ಹಿಂದೆ ತುಂಬುವ ಕೆಲಸ ಒಂದು ಹೊತ್ತಿಗೆ ಒಬ್ಬರದೇ: ಈ ಚರಣಕ್ಕೆ ಪಿಟೀಲು, ಮುಂದಿನದಕ್ಕೆ ಬ್ಯಾಂಜೊ. ನಮ್ಮ ಕಚೇರಿಯ ಪಕ್ಕವಾದ್ಯಕ್ಕೆ ಜಾಗ ಸ್ಥಿರ, ಇಲ್ಲಿ ಅದು ಚರಣಕ್ಕೊಮ್ಮೆ ಕೈ ಬದಲಿಸುತ್ತದೆ. ಇಬ್ಬರೂ ಒಟ್ಟಿಗೆ ತುಂಬಿದರೆ ಮಾತು ಕೇಳುವುದಿಲ್ಲ. ಹವ್ಯಾಸಿ ಮೇಳಗಳಲ್ಲಿ ಅತಿ ಸಾಮಾನ್ಯವಾದ ದೋಷ ಇದು.

ಈ ಐವರು 1946 ಮತ್ತು 1947ರಲ್ಲಿ ಒಟ್ಟು 28 ಹಾಡು ಮುದ್ರಿಸಿದರು. 1948ರ ಆರಂಭದಲ್ಲಿ ಸ್ಕ್ರಗ್ಸ್, ಫ್ಲ್ಯಾಟ್ ಮೇಳ ಬಿಟ್ಟು ತಮ್ಮದೇ ಫಾಗಿ ಮೌಂಟನ್ ಬಾಯ್ಸ್ ಕಟ್ಟಿದರು, ವಾಟ್ಸ್ ಕೂಡ ಅಲ್ಲಿಗೆ ಹೋದ. ಅದೇ ಹೊತ್ತಿಗೆ ವರ್ಜಿನಿಯಾದ ಸ್ಟ್ಯಾನ್ಲಿ ಸೋದರರು ಕುದುರೆ ಓಟದ ಕಥೆಯಿರುವ ಮಾಲಿ ಆ್ಯಂಡ್ ಟೆನ್‌ಬ್ರೂಕ್ಸ್ ಹಾಡನ್ನು ಮನ್ರೋ ಮೇಳದ ವಾದ್ಯ ಹಂಚಿಕೆಯ ಸಮೇತ ಮುದ್ರಿಸಿದರು. ಮನ್ರೋನ ಮುದ್ರಣ ಆಗಿದ್ದು 1947ರಲ್ಲಿ, ಆದರೆ ಅದಿನ್ನೂ ಅಂಗಡಿಗೇ ಬಂದಿರಲಿಲ್ಲ. ರೇಡಿಯೊ ಕೇಳಿಯೇ ಕಲಿತಿದ್ದರು. ಮನ್ರೋ ಸಿಟ್ಟಾದ. ಆದರೆ ಒಂದು ಮೇಳದ ಶೈಲಿ ಒಂದು ಪ್ರಕಾರವಾದದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಬ್ಲೂಗ್ರಾಸ್ ಎಂಬ ಹೆಸರು ಪ್ರಕಾರಕ್ಕೆ ಅಂಟಿದ್ದು 1950ರ ದಶಕದಲ್ಲಿ.

ಪ್ರಶ್ನೋತ್ತರದಿಂದ

*ಡ್ರಮ್ ಯಾಕೆ ಇಲ್ಲ?* ಬೇಸ್ ಮತ್ತು ಚಾಪ್ ಸೇರಿ ಡ್ರಮ್‌ನ ಎರಡು ಪೆಟ್ಟನ್ನೂ ಕೊಡುತ್ತವೆ. ಡ್ರಮ್ ಬಂದರೆ ಮ್ಯಾಂಡೊಲಿನ್ ಕೆಲಸ ಕಳೆದುಕೊಳ್ಳುತ್ತದೆ.

*ಮ್ಯಾಂಡೊಲಿನ್ ಶ್ರೀನಿವಾಸ್ ಅವರು ನುಡಿಸುತ್ತಿದ್ದದ್ದು ಇದೇ ವಾದ್ಯವೇ?* ಕುಲ ಒಂದೇ, ವಾದ್ಯ ಬೇರೆ. ಯು. ಶ್ರೀನಿವಾಸ್ ಅವರದು ಗಟ್ಟಿ ಮರದ ವಿದ್ಯುತ್ ಮ್ಯಾಂಡೊಲಿನ್, ಜೋಡಿಗಳ ಬದಲು ಐದು ಒಂಟಿ ತಂತಿ. ಒಂಟಿ ತಂತಿಯನ್ನು ಎಳೆದು ಗಮಕ ತರಬಹುದು, ವಿದ್ಯುತ್ತಿನಿಂದ ನಾದ ಉಳಿಯುತ್ತದೆ. ಎಫ್-5ರ ಬಿಗಿಯಾದ ಜೋಡಿ ತಂತಿಯನ್ನು ಎಳೆದರೆ ಎರಡೂ ಒಂದೇ ಅಳತೆಯಲ್ಲಿ ಏರುವುದಿಲ್ಲ, ಶ್ರುತಿ ಒಡೆಯುತ್ತದೆ. ಹಾಗೆಯೇ ಅವರ ವಾದ್ಯದಲ್ಲಿ ಚಾಪ್ ಹಾಕಿದರೆ ಈ ಮರದ ಕಟ್ ಸದ್ದು ಬರುವುದಿಲ್ಲ.

*ಇಲ್ಲಿ ನಾಲ್ಕೈದು ಜನ ಸೇರಿ ಶುರು ಮಾಡುವುದಾದರೆ ಯಾವ ವಾದ್ಯದಿಂದ?* ಎಲ್ಲರೂ ಮೊದಲು ಬ್ಯಾಂಜೊ ಹುಡುಕುತ್ತಾರೆ. ಗಿಟಾರ್ ಮತ್ತು ಬೇಸ್‌ನಿಂದ ಶುರು ಮಾಡಿ, ಜಿ, ಸಿ, ಡಿ ಮೂರೇ ಸ್ವರಮೇಳದ ಒಂದು ಹಾಡು, ಒಂದು ಸೆಕೆಂಡಿಗೆ ಒಂದು ಬೇಸ್ ಪೆಟ್ಟಿನ ವೇಗ. ದೊಡ್ಡ ಬೇಸ್ ಸಿಗದಿದ್ದರೆ ಬೇಸ್ ಗಿಟಾರ್‌ನ ಕುದುರೆಯ ಹತ್ತಿರ ತಂತಿಗಳ ಕೆಳಗೆ ಸ್ಪಂಜಿನ ತುಂಡು ಸಿಕ್ಕಿಸಿ, ನಾದ ಗಿಡ್ಡವಾಗುತ್ತದೆ. ಆಮೇಲೆ ಚಾಪ್ ಸೇರಿಸಿ. ಈ ಮೂರೂ ಹಾಡಿನ ಉದ್ದಕ್ಕೂ ವೇಗ ಬದಲಾಗದೆ ನಿಂತ ಮೇಲೆ ಬ್ಯಾಂಜೊದವನನ್ನು ಕರೆಯಿರಿ, ಮೊದಲ ವಾರಗಳಲ್ಲಿ ಅವನಿಗೆ ಹೆಬ್ಬೆರಳು ಮಾತ್ರ ಕೊಡಿ.